ಲಾಯಕ್ಕೇ ಬಂದು ವಯಸ್ಸಾದ ಕುದುರೆ ನೋಡುವ ಡಾಕ್ಟರು: ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಳೆದೆ ಅಂತ ಆಮೇಲೆ ಹೇಳುತ್ತೇನೆ. ಡಾಕ್ಟರ ಹೆಸರು ಹಾಕಿಲ್ಲ. ಒಬ್ಬರೇ ಊರೆಲ್ಲ ಓಡಾಡಿ ನೋಡುವವರು, ಈಗಿರುವ ಕುದುರೆಗಳಿಗೇ ಟೈಮ್ ಸಾಲುತ್ತಿಲ್ಲ, ಹೆಸರು ಬೇಡ ಅಂತ ಅವರೇ ಕೇಳಿಕೊಂಡರು. ಹೆಸರಘಟ್ಟ, ಯಲಹಂಕ, ದೇವನಹಳ್ಳಿ ಕಡೆ ಕುದುರೆ ಇಟ್ಟಿರುವವರು ನಿಮ್ಮ ಲಾಯದಲ್ಲಿ ವಿಚಾರಿಸಿ ನೋಡಿ, ಇಂಥ ಕೆಲಸ ಮಾಡುವವರು ಸಿಗುತ್ತಾರೆ. ಸಿಕ್ಕಾಗ ಏನು ಮಾಡಿಸಬೇಕು, ಏನು ಕೇಳಬೇಕು ಅಂತ ಗೊತ್ತಿರಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಎರಡಿವೆ. ಗೌರಿ ರೇಸ್ ಬಿಟ್ಟು ಬಂದ ಥರೋಬ್ರೆಡ್, ಅಂದರೆ ರೇಸಿನ ತಳಿಯ ಹೆಣ್ಣು ಕುದುರೆ. ಪಾಸ್‌ಪೋರ್ಟ್ (ಕುದುರೆಯ ಗುರುತಿನ ಪುಸ್ತಕ) ಪ್ರಕಾರ 18 ವರ್ಷ. ಇನ್ನೊಬ್ಬ ಚಿಕ್ಕು, ಗಿಡ್ಡ ಪೋನಿ, ಮೊದಲು ಮದುವೆ ಮೆರವಣಿಗೆಗೆ ಹೋಗುತ್ತಿದ್ದವನು. ಅವನಿಗೆ ಕಾಗದ ಪತ್ರ ಏನೂ ಇಲ್ಲ. "ಹತ್ತು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ" ಅಂತ ಹೇಳಿ ಕೊಟ್ಟಿದ್ದರು. ಅದಾಗಿ ನಾಲ್ಕು ವರ್ಷ ಆಯ್ತು. ಅಂದರೆ ಲೆಕ್ಕಕ್ಕೆ 14.

ಮೊದಲು ಇವೆರಡನ್ನೂ ಬೇರೆ ಕಡೆ ಇಟ್ಟಿದ್ದೆ. ಆ ಜಾಗದ ಹೆಸರು ಬೇಡ. ಅಲ್ಲಿ ಏನೇ ಕೇಳಿದರೂ ಒಂದೇ ಉತ್ತರ: ವಯಸ್ಸಾಯ್ತು. ಗೌರಿ ನಡೆಯುವಾಗ ಎಡವುತ್ತಾಳಲ್ಲ ಅಂದರೆ ವಯಸ್ಸಾಯ್ತು. ಚಿಕ್ಕು ಪಕ್ಕೆಲುಬು ಕಾಣುತ್ತಿದೆಯಲ್ಲ ಅಂದರೆ ವಯಸ್ಸಾಯ್ತು ಬಿಡಿ ಮೇಡಂ. 15 ದಾಟಿದ ಕುದುರೆ ಅಂದರೆ ಮುಗಿದ ಹಾಗೆ, ಇನ್ನು ಗೌರಿ ಮೇಲೆ ಜೀನು ಹಾಕೋದು ಪಾಪ, ಎಲ್ಲಾದರೂ ತೋಟದಲ್ಲಿ ಬಿಟ್ಟುಬಿಡಿ ಅಂತಲೂ ಹೇಳಿದರು. ನಾಲ್ಕು ತಿಂಗಳು ನಾನೂ ಅದನ್ನೇ ನಂಬಿಕೊಂಡು ಕೂತಿದ್ದೆ. ಆ ನಾಲ್ಕು ತಿಂಗಳು ಚಿಕ್ಕು ಬಾಯಿ ನೋವಿನಲ್ಲಿ ಊಟ ಮಾಡುತ್ತಿದ್ದ ಅಂತ ಆಮೇಲೆ ಗೊತ್ತಾಯಿತು. ಈಗಲೂ ಅದು ನೆನಪಾದರೆ ಹೊಟ್ಟೆ ಚುರ್ ಅನ್ನುತ್ತದೆ.

15 ಅನ್ನೋ ನಂಬರ್ ಸುಮ್ನೆ ಹುಟ್ಟಿದ್ದಲ್ಲ. ಕುದುರೆ ವೈದ್ಯದಲ್ಲಿ 15 ದಾಟಿದ್ದನ್ನು ಹಿರಿಯ ಕುದುರೆ ಅಂತ ಲೆಕ್ಕ ಹಿಡಿಯೋದು ಮಾಮೂಲಿ. ಕೆಲವರು 20 ಅನ್ನುತ್ತಾರೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತದೆ, ಪೋನಿಗಳು ಇನ್ನೂ ಜಾಸ್ತಿ. ಇಂಗ್ಲೆಂಡಿನಲ್ಲಿ ದೋಣಿ ಎಳೆಯುತ್ತಿದ್ದ ಓಲ್ಡ್ ಬಿಲ್ಲಿ ಅನ್ನೋ ಕುದುರೆ 1760ರಲ್ಲಿ ಹುಟ್ಟಿ 1822ರಲ್ಲಿ ಸತ್ತಿತು ಅಂತ ದಾಖಲೆ ಇದೆ, 62 ವರ್ಷ. ಅದು ಲಕ್ಷಕ್ಕೊಂದು, ಬಿಡಿ. ಆದರೆ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಓಡಿಸಿದ ಸೆನ್ಯೋರ್ ಮೆಡಿಕಾಟ್‌ಗೆ ಆಗ 15 ವರ್ಷ. ಡ್ರೆಸಾಜ್ (ಸವಾರನ ಸೂಚನೆಗೆ ತಕ್ಕ ಹೆಜ್ಜೆ ಹಾಕುವುದು), ಕ್ರಾಸ್ ಕಂಟ್ರಿ, ಜಂಪಿಂಗ್ ಮೂರನ್ನೂ ಮುಗಿಸಿ 23ನೇ ಸ್ಥಾನಕ್ಕೆ ಬಂದರು. ಒಬ್ಬರು ತೋಟಕ್ಕೆ ಬಿಡಿ ಅನ್ನುವ ವಯಸ್ಸಿನಲ್ಲಿ ಇನ್ನೊಂದು ಕುದುರೆ ಒಲಿಂಪಿಕ್ಸ್‌ನಲ್ಲಿ ಬೇಲಿ ಹಾರುತ್ತಿತ್ತು. ರೇಸ್ ಕೋರ್ಸ್ ರಸ್ತೆಯಲ್ಲಿ ಹೋಗಿ ಕೇಳಿ, ಅಲ್ಲಿ ಏಳು ವರ್ಷಕ್ಕೇ ಹಳೇ ಕುದುರೆ ಅನ್ನುತ್ತಾರೆ. ಯಾವ ಕೆಲಸಕ್ಕೆ ಹಳೆಯದು ಅಂತ ಹೇಳದೆ ಬರೀ ಹಳೆಯದು ಅಂದರೆ ಅರ್ಥ ಇಲ್ಲ, ಅಲ್ವಾ?

ಈಗ ಡಾಕ್ಟರ ವಿಷಯ. ಆಗಸ್ಟ್‌ನಲ್ಲಿ ಬಂದರು. ಬಂದವರು ಕುದುರೆ ಮುಟ್ಟಲಿಲ್ಲ, ನನ್ನ ಜೊತೆ ಮಾತೂ ಜಾಸ್ತಿ ಆಡಲಿಲ್ಲ. ನೇರ ಹೋಗಿ ಕುದುರೆಗಳನ್ನು ದಿನಾ ನೋಡಿಕೊಳ್ಳುವ ನಮ್ಮ ಸೈಸ್ ಅಣ್ಣನ ಹತ್ತಿರ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತರು. ಇಪ್ಪತ್ತು ನಿಮಿಷ ಬರೀ ಪ್ರಶ್ನೆ. ಹುರುಳಿ ಹಾಕಿದರೆ ಎಷ್ಟು ಹೊತ್ತಿಗೆ ಮುಗಿಸುತ್ತೆ? ಮೊದಲಿಗಿಂತ ನಿಧಾನವಾ? ನೀರು ಜಾಸ್ತಿ ಕುಡಿಯುತ್ತಾ? ಲದ್ದಿಯಲ್ಲಿ ಉದ್ದುದ್ದ ಹುಲ್ಲು ಕಾಣುತ್ತಾ? ರಾತ್ರಿ ಮಲಗುತ್ತಾ, ಬೆಳಿಗ್ಗೆ ಮೈಗೆ ಹೊಟ್ಟು ಅಂಟಿರುತ್ತಾ? ಅಣ್ಣ ಪ್ರತಿಯೊಂದಕ್ಕೂ ಟಕ್ ಅಂತ ಉತ್ತರ ಕೊಟ್ಟರು. ಇಷ್ಟೆಲ್ಲ ಗೊತ್ತಿದ್ದವರನ್ನು ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ಆಮೇಲೆ ಚಿಕ್ಕು ಬಾಯಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡು ಕೊಟ್ಟಿದ್ದು ಸಾರ್ಥಕ ಅನ್ನಿಸಿದ್ದು ಇಲ್ಲೇ.

ಮೊದಲು ತುಟಿ ಎತ್ತಿ ಮುಂದಿನ ಹಲ್ಲು ತೋರಿಸಿದರು. ಕುದುರೆಗೆ ಐದು ವರ್ಷಕ್ಕೆಲ್ಲ ಪೂರ್ತಿ ಹಲ್ಲು ಬಂದಿರುತ್ತದೆ. ಆದರೆ ಹಲ್ಲಿನ ಜಾಸ್ತಿ ಭಾಗ ಒಸಡಿನ ಒಳಗೇ ಇದ್ದು, ಸವೆದಷ್ಟೂ ನಿಧಾನಕ್ಕೆ ಹೊರಗೆ ಬರುತ್ತಾ ಇರುತ್ತದೆ, ವರ್ಷಕ್ಕೆ ಎರಡು ಮೂರು ಮಿಲಿಮೀಟರ್. ಚಿಕ್ಕ ವಯಸ್ಸಿನಲ್ಲಿ ಕೆಳಗಿನ ಮುಂಭಾಗದ ಹಲ್ಲುಗಳ ಮೇಲೆ ಸಣ್ಣ ಗುಂಡಿ ಇರುತ್ತದೆ. ನಡುವಿನ ಜೋಡಿಯಲ್ಲಿ ಆರು ವರ್ಷಕ್ಕೆ, ಪಕ್ಕದ್ದರಲ್ಲಿ ಏಳಕ್ಕೆ, ಮೂಲೆಯದರಲ್ಲಿ ಎಂಟಕ್ಕೆ ಆ ಗುಂಡಿ ಹೋಗುತ್ತದೆ. ಅದಾದ ಮೇಲೆ ನೋಡಬೇಕಾದ್ದು ಮೇಲಿನ ಮೂಲೆ ಹಲ್ಲನ್ನು. ಸುಮಾರು ಹತ್ತು ವರ್ಷಕ್ಕೆ ಒಸಡಿನ ಹತ್ತಿರ ಒಂದು ಕಂದು ಗೀರು ಶುರುವಾಗುತ್ತದೆ. 15ಕ್ಕೆ ಅರ್ಧ ಹಲ್ಲಿಗೆ ಇಳಿಯುತ್ತದೆ. 20ಕ್ಕೆ ಹಲ್ಲಿನ ಪೂರ್ತಿ ಉದ್ದಕ್ಕೂ ಬರುತ್ತದೆ. ಆಮೇಲೆ ಮೇಲಿನಿಂದ ಮಾಯವಾಗುತ್ತಾ ಹೋಗಿ 30ರ ಹೊತ್ತಿಗೆ ಇರುವುದೇ ಇಲ್ಲ. ಇದಕ್ಕೆ ಗ್ಯಾಲ್ವೇನ್ ಗೀರು ಅಂತ ಹೆಸರು.

ಚಿಕ್ಕು ಹಲ್ಲಿನಲ್ಲಿ ಆ ಗೀರು ಮೇಲಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗಿತ್ತು. ಹಲ್ಲುಗಳೂ ಮುಂದಕ್ಕೆ ಚಾಚಿಕೊಂಡಿದ್ದವು. 14 ಅಲ್ಲ, 20ರ ಆಸುಪಾಸು. ಹಲ್ಲು ನೋಡಿ ಹೇಳುವ ವಯಸ್ಸು ಅಂದಾಜು ಅಷ್ಟೇ, ದೊಡ್ಡ ವಯಸ್ಸಿನಲ್ಲಂತೂ ಎರಡು ಮೂರು ವರ್ಷ ಆಚೀಚೆ ಆಗುತ್ತೆ ಅಂತ ಅವರೇ ಹೇಳಿದರು. ಆದರೂ ಆರು ವರ್ಷ ತಪ್ಪೋದಿಲ್ಲ. ನನಗೆ ಮೋಸ ಆಗಿದ್ದಕ್ಕೆ ಬೇಜಾರಾಗಲಿಲ್ಲ. 16 ವರ್ಷ ಆದಮೇಲೂ ಅವನು ಆ ಬ್ಯಾಂಡ್ ಸದ್ದಿನಲ್ಲಿ, ಪಟಾಕಿ ಮಧ್ಯೆ ಟಾರು ರೋಡಿನ ಮೇಲೆ ನಿಂತಿರುತ್ತಿದ್ದ ಅನ್ನೋದಕ್ಕೆ ಆಯಿತು.

ಸರಿ, ಹಾಗಾದರೆ ವಯಸ್ಸಾಗಿಯೇ ಬಡಕಲಾಗಿದ್ದಾನೆ ಅಂತ ಆಯ್ತಲ್ಲ ಅಂದೆ. ಡಾಕ್ಟರು ತಲೆ ಅಲ್ಲಾಡಿಸಿದರು. "ಇನ್ನೂ ಅರ್ಧ ಬಾಯಿ ನೋಡಿದ್ದೀವಿ ಅಷ್ಟೇ, ಇರಿ" ಅಂದರು. ಮಂಪರಿನ ಇಂಜೆಕ್ಷನ್ ಕೊಟ್ಟು, ಬಾಯಿ ತೆರೆದು ಹಿಡಿಯುವ ಕಬ್ಬಿಣದ ಚೌಕಟ್ಟು ಕಟ್ಟಿ, ಹಣೆಗೆ ಟಾರ್ಚ್ ಹಾಕಿಕೊಂಡು ಒಳಗೆ ಕೈ ಹಾಕಿದರು. ಕುದುರೆಯ ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಅಗಿಯುತ್ತಾ ಅಗಿಯುತ್ತಾ ಮೇಲಿನ ದವಡೆ ಹಲ್ಲಿನ ಹೊರ ಅಂಚು, ಕೆಳಗಿನದರ ಒಳ ಅಂಚು ಸವೆಯದೆ ಚೂಪಾಗಿ ಉಳಿಯುತ್ತದೆ. ಹೊಲದಲ್ಲಿ ದಿನಪೂರ್ತಿ ಹುಲ್ಲು ಮೇಯುವ ಕುದುರೆಗಿಂತ ಲಾಯದಲ್ಲಿ ನಿಂತು ಕಾಳು ತಿನ್ನುವ ಕುದುರೆಗೆ ಇದು ಜಾಸ್ತಿ. ನನ್ನ ಬೆರಳನ್ನೂ ಹಿಡಿದು ಒಳಗೆ ಮುಟ್ಟಿಸಿದರು. ಬಿಸಿ, ಒದ್ದೆ, ಅದರ ಮಧ್ಯೆ ಒಡೆದ ಗಾಜಿನ ಅಂಚಿನ ಹಾಗೆ ಹಲ್ಲು. ಅದಕ್ಕೆ ಎದುರಾಗಿ ಕೆನ್ನೆಯ ಒಳಗೆ ಎರಡು ಹುಣ್ಣು, ಒಂದು ಐದು ರೂಪಾಯಿ ನಾಣ್ಯದಷ್ಟು. ಒಂದೊಂದು ಸಲ ಅಗಿಯುವಾಗಲೂ ಆ ಅಂಚು ಆ ಹುಣ್ಣನ್ನು ಕೆರೆಯುತ್ತಿತ್ತು.

ಅವನ ಜಾಗದ ಮುಂದೆ ಯಾವಾಗಲೂ ಬೀಳುತ್ತಿದ್ದ ಹುಲ್ಲಿನ ಉಂಡೆಗಳು ಆಗ ನೆನಪಾದವು. ಅರ್ಧ ಅಗಿದು, ಎಂಜಲಲ್ಲಿ ಒದ್ದೆಯಾಗಿ, ನಿಂಬೆಹಣ್ಣಿನ ಗಾತ್ರಕ್ಕೆ ಸುತ್ತಿಕೊಂಡು ಬೀಳುತ್ತಿದ್ದವು. ಹಳೇ ಜಾಗದಲ್ಲಿ ಅದನ್ನು ದಿನಾ ಗುಡಿಸಿ ಹಾಕುತ್ತಿದ್ದರು. ನಿಮ್ಮ ಕುದುರೆಯ ಮುಂದೆ ಅಂಥ ಉಂಡೆ ಕಂಡರೆ ದಯವಿಟ್ಟು ಒಂದು ದಿನವೂ ಕಾಯಬೇಡಿ.

ಅರ ಹಾಕಿ ಉಜ್ಜಿದರು. ಬಡಗಿ ಅಂಗಡಿಯ ಸದ್ದು, ಸುಟ್ಟ ಕೂದಲಿನಂಥ ವಾಸನೆ. ಮುಕ್ಕಾಲು ಗಂಟೆ ಹಿಡಿಯಿತು. ಒಂದು ಹಲ್ಲು ಅಲುಗಾಡುತ್ತಿತ್ತು, ಅದನ್ನು ಮುಂದಿನ ಸಲ ನೋಡೋಣ ಅಂತ ಬಿಟ್ಟರು.

ಅದಾದ ಮೇಲೆ ಊಟ ಬದಲಾಯಿತು. ಹುರುಳಿಯನ್ನು ಮೊದಲಿಗಿಂತ ಮೆತ್ತಗೆ ಬೇಯಿಸುವುದು, ಲೂಸರ್ನ್ ಸೊಪ್ಪನ್ನು ಎರಡು ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ ಹಾಕುವುದು, ಕಾಳಿನ ತಿಂಡಿಯನ್ನೆಲ್ಲ ನೀರಲ್ಲಿ ನೆನೆಸಿ ಗಂಜಿ ಹದಕ್ಕೆ ಕೊಡುವುದು. ಮೆತ್ತಗಿರುತ್ತೆ ಅಂತ ಬೂಸಾ ಜಾಸ್ತಿ ಹಾಕುತ್ತಿದ್ದೆವು, ಅದನ್ನು ಕಡಿಮೆ ಮಾಡಿಸಿದರು. ಬೂಸಾದಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಡಿಮೆ, ಅದನ್ನೇ ನೆಚ್ಚಿಕೊಂಡರೆ ಮೂಳೆ ಹಾಳು.

ತೂಕ ನೋಡೋಕೆ ಒಂದು ಲೆಕ್ಕವನ್ನೂ ಹೇಳಿಕೊಟ್ಟರು. ದರ್ಜಿ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ ತೆಗೆದುಕೊಳ್ಳಿ, ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿ. ಕಿಲೋ ಬರುತ್ತದೆ. ಚಿಕ್ಕು ಆವತ್ತು ಸುತ್ತಳತೆ 140, ಉದ್ದ 125, ಅಂದರೆ 206 ಕಿಲೋ. ಮೊನ್ನೆ ಭಾನುವಾರ ಸುತ್ತಳತೆ 146 ಬಂತು, 224 ಕಿಲೋ. ಅದೇ ಕುದುರೆ, ಅದೇ ವಯಸ್ಸು, 18 ಕಿಲೋ ಜಾಸ್ತಿ.

ಇನ್ನು ಗೌರಿ. ಅವಳ ಕಣ್ಣಿನ ಮೇಲೆ ಗುಳಿ ಬಿದ್ದಿದೆ, ಬೆನ್ನು ಸ್ವಲ್ಪ ಜೋತಿದೆ, ಮುಖದ ಮೇಲೆ ಅಲ್ಲಲ್ಲಿ ಬಿಳಿ ಕೂದಲು ಬಂದಿದೆ. ಹಳೇ ಜಾಗದವರು ಮುದಿ ಅಂತ ತೀರ್ಮಾನ ಮಾಡಿದ್ದು ಇದನ್ನೆಲ್ಲ ನೋಡಿ. ಡಾಕ್ಟರು ಇವನ್ನು ಬರೆದುಕೊಂಡರು, ಆದರೆ ಅಲ್ಲಿ ನಿಲ್ಲಲಿಲ್ಲ. ಪಾಸ್‌ಪೋರ್ಟ್ ನೋಡಿ ಸಣ್ಣದೊಂದು ವಿಷಯ ಹೇಳಿದರು. ನಮ್ಮಲ್ಲಿ ಥರೋಬ್ರೆಡ್‌ಗಳಿಗೆ ಯಾವ ತಿಂಗಳು ಹುಟ್ಟಿರಲಿ, ಜನವರಿ 1ಕ್ಕೆ ಒಂದು ವರ್ಷ ಸೇರಿಸುತ್ತಾರೆ. ಗೌರಿ ಹುಟ್ಟಿದ್ದು ಏಪ್ರಿಲ್ ಕೊನೆಗೆ, ಹಾಗಾಗಿ ವರ್ಷದ ಮೊದಲ ನಾಲ್ಕು ತಿಂಗಳು ಕಾಗದದ ವಯಸ್ಸು ನಿಜದ ವಯಸ್ಸಿಗಿಂತ ಒಂದು ಜಾಸ್ತಿಯೇ ಇರುತ್ತದೆ.

ಎದೆಗೆ ಸ್ಟೆತಸ್ಕೋಪ್ ಇಟ್ಟು ಎಣಿಸಿದರು, ನಿಮಿಷಕ್ಕೆ 36. ಸುಮ್ಮನೆ ನಿಂತ ಕುದುರೆಗೆ 28ರಿಂದ 44ರ ಒಳಗಿದ್ದರೆ ಸರಿ. ಹತ್ತು ನಿಮಿಷ ಉದ್ದ ಹಗ್ಗದಲ್ಲಿ ದುಡುಕಿಯಲ್ಲಿ ಸುತ್ತು ಓಡಿಸಿ, ಎಷ್ಟು ಬೇಗ ಮೊದಲಿನ ಲೆಕ್ಕಕ್ಕೆ ಇಳಿಯುತ್ತೆ ಅಂತ ಮತ್ತೆ ಎಣಿಸಿದರು. ಚೆನ್ನಾಗಿತ್ತು. ಆಮೇಲೆ ಕೆಳಗೆ ಕೂತು ಮುಂಗಾಲಿನ ಮೇಲೆ ಕೈ ಆಡಿಸುತ್ತಾ ಗೊರಸಿನ ಮೇಲಿನ ಗಂಟಿನ ಹತ್ತಿರ ನಿಲ್ಲಿಸಿದರು. ಎರಡೂ ಕಾಲಲ್ಲಿ, ಗಂಟಿನ ಮುಂಭಾಗದಲ್ಲಿ, ತರಚಿ ಒಣಗಿದ ಗಾಯದ ಕಲೆ.

"ಇದು ಹೇಗಾಯ್ತು?" ಅಂತ ಕೇಳಿದರು. ಎಡವಿ ಬಿದ್ದಿರಬೇಕು ಅಂದೆ. ಸೈಸ್ ಅಣ್ಣ ಸುಮ್ಮನಿದ್ದವರು ಆಗ ಬಾಯಿ ಬಿಟ್ಟರು. "ಅಕ್ಕ, ಇವಳು ಮಲಗಲ್ಲ. ನಾನು ಬೆಳಗಿನ ಜಾವ ಎದ್ದು ನೋಡಿದ್ದೀನಿ. ನಿಂತಲ್ಲೇ ತೂಕಡಿಸ್ತಾಳೆ, ತಲೆ ಕೆಳಗೆ ಬರುತ್ತೆ, ಮಂಡಿ ಮಡಚ್ಕೊಂಡು ಬೀಳೋ ಹಾಗಾಗುತ್ತೆ, ಆಮೇಲೆ ಗಾಬರಿಯಾಗಿ ಎದ್ದೇಳ್ತಾಳೆ."

ಕುದುರೆ ನಿಂತೇ ನಿದ್ದೆ ಮಾಡುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದು ಅರ್ಧ ಸತ್ಯ. ತೂಕಡಿಕೆ ನಿಂತು ಆಗುತ್ತದೆ. ಗಾಢ ನಿದ್ದೆಯ ಒಂದು ಭಾಗಕ್ಕೆ, ಕನಸು ಬೀಳುವ ನಿದ್ದೆ ಅಂತಾರಲ್ಲ ಅದಕ್ಕೆ, ಅದು ಮಲಗಲೇಬೇಕು. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಸಾಕು, ಆದರೆ ಬೇಕೇ ಬೇಕು. ಮಂಡಿ ನೋವಿರುವ ಕುದುರೆಗೆ ಮಲಗಿದರೆ ಏಳೋಕೆ ಆಗಲ್ಲ ಅನ್ನೋ ಭಯ. ಅದು ಮಲಗೋದನ್ನೇ ಬಿಡುತ್ತದೆ. ನಿದ್ದೆ ಸಾಲದೆ ನಿಂತಲ್ಲೇ ಕುಸಿಯುತ್ತದೆ, ಗಂಟು ನೆಲಕ್ಕೆ ಬಡಿದು ತರಚುತ್ತದೆ. ಗೌರಿ ಎಡವುತ್ತಿದ್ದದ್ದು ನಿದ್ದೆಗೆಟ್ಟು. ಎಡ ಮಂಡಿಯಲ್ಲಿ ರೇಸ್ ಕಾಲದ ಹಳೇ ಸವೆತ ಇತ್ತು. ಅದರ ಜೊತೆಗೆ ನಾವು ಹಾಕುತ್ತಿದ್ದ ಹಾಸು ತೆಳ್ಳಗೆ, ಕೆಳಗೆ ಬರೀ ಸಿಮೆಂಟ್ ನೆಲ.

ನೆಲಕ್ಕೆ ರಬ್ಬರ್ ಮ್ಯಾಟ್, ಅದರ ಮೇಲೆ ಒಂದು ಮೊಳ ದಪ್ಪ ಮರದ ಹೊಟ್ಟು. ಕೆಲವು ದಿನಕ್ಕೆ ನೋವಿನ ಔಷಧಿ, ಅದೂ ಡಾಕ್ಟರು ಹೇಳಿದ ಲೆಕ್ಕದಲ್ಲಿ ಮಾತ್ರ, ಸುಮ್ಮನೆ ಮುಂದುವರಿಸಿದರೆ ಹೊಟ್ಟೆಗೂ ಕಿಡ್ನಿಗೂ ಏಟು. ದಿನಾ ನಡಿಗೆ. ದಿನವಿಡೀ ಲಾಯದಲ್ಲಿ ಕಟ್ಟಿ ಹಾಕಿದರೆ ಕೀಲು ಇನ್ನೂ ಬಿಗಿಯುತ್ತೆ, ಆದ್ದರಿಂದ ವಿಶ್ರಾಂತಿ ಅಂತ ನಿಲ್ಲಿಸಬೇಡಿ ಅಂತ ಖಡಾಖಂಡಿತವಾಗಿ ಹೇಳಿದರು. ಒಂಬತ್ತನೇ ದಿನ ಬೆಳಿಗ್ಗೆ ಆರಕ್ಕೆ ಸೈಸ್ ಅಣ್ಣ ಒಂದು ಫೋಟೋ ಕಳಿಸಿದರು. ಗೌರಿಯ ಎಡಪಕ್ಕೆ, ಕುತ್ತಿಗೆ, ಜೂಲಿನ ತುಂಬಾ ಮರದ ಹೊಟ್ಟು. ಮಲಗಿ ಎದ್ದಿದ್ದಾಳೆ. ಆ ಫೋಟೋ ಇನ್ನೂ ನನ್ನ ಫೋನಿನ ಮೊದಲ ಪುಟದಲ್ಲಿದೆ.

ಈಗ ವಾರಕ್ಕೆ ಮೂರು ದಿನ ಅವಳ ಮೇಲೆ ಕೂರುತ್ತೇನೆ. ಮೊದಲ ಹದಿನೈದು ನಿಮಿಷ ಬರೀ ನಡಿಗೆ, ಜಿಗಿತ ಪೂರ್ತಿ ಬಂದ್, ಬಿಸಿಲೇರುವ ಮುಂಚೆ ಮುಗಿಸುವುದು. ವಯಸ್ಸಾದ ಕುದುರೆ ಮೈಯ ಬಿಸಿ ಹೊರಗೆ ಹಾಕುವುದರಲ್ಲಿ ಹಿಂದೆ ಬೀಳುತ್ತದೆ, ಅದಕ್ಕೆ.

ಗೌರಿ ಮುದುಕಿಯಾ ಅಲ್ವಾ ಅಂತ ಕೊನೆಗೆ ನೇರವಾಗಿ ಕೇಳಿದೆ. ಒಂದೇ ವಯಸ್ಸು ಹೇಳೋಕಾಗಲ್ಲ ಅಂದರು. ಎದೆ ನೋಡಿದರೆ ಹನ್ನೆರಡು, ಬಾಯಿ ನೋಡಿದರೆ ಹದಿನೆಂಟು, ಎಡ ಮಂಡಿ ನೋಡಿದರೆ ಇಪ್ಪತ್ತೆರಡು. ಜಿಗಿತಕ್ಕೆ ವಯಸ್ಸಾಗಿದೆ, ಕೆರೆ ಏರಿ ಮೇಲೆ ಸುತ್ತಾಡೋಕೆ ಆಗಿಲ್ಲ. 15 ಅನ್ನೋದು ಕೆಲಸ ನಿಲ್ಲಿಸುವ ವಯಸ್ಸಲ್ಲ, ವರ್ಷಕ್ಕೆ ಎರಡು ಸಲ ಹೀಗೆ ತಲೆಯಿಂದ ಗೊರಸಿನವರೆಗೆ ನೋಡೋಕೆ ಶುರು ಮಾಡಬೇಕಾದ ವಯಸ್ಸು ಅಂದರು. ನನಗೆ ಬೇಕಾಗಿದ್ದ ಉತ್ತರ ಇದೇ. ಇಷ್ಟು ದಿನ ಇದನ್ನು ಯಾರೂ ಹೇಳಿರಲಿಲ್ಲ.

ರಕ್ತ ಪರೀಕ್ಷೆ ಬಗ್ಗೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕೆಡುವ ಒಂದು ಕಾಯಿಲೆ ಇದೆ, ಕುಶಿಂಗ್ ಅಂತಲೂ ಕರೆಯುತ್ತಾರೆ. 15 ದಾಟಿದ ಕುದುರೆಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಬರುತ್ತದೆ. ಕೂದಲು ಉದ್ದವಾಗಿ ಉಳಿದುಬಿಡುತ್ತದೆ, ಬೆನ್ನಿನ ಸ್ನಾಯು ಕರಗುತ್ತದೆ, ನೀರು ಜಾಸ್ತಿ ಕುಡಿಯುತ್ತದೆ, ಗೊರಸಿನ ಒಳಗೆ ಉರಿಯೂತ ಬರುತ್ತದೆ. ನೋಡಿದವರಿಗೆ ಬರೀ ಮುಪ್ಪು ಅನ್ನಿಸುತ್ತದೆ. ದಿನಾ ಒಂದು ಮಾತ್ರೆಯಿಂದ ಹತೋಟಿಯಲ್ಲಿಡಬಹುದು. ಚಿಕ್ಕುಗೆ ಡಿಸೆಂಬರ್ ಚಳಿಗೆ ಬಂದ ಕೂದಲು ಯುಗಾದಿ ಕಳೆದು ಇಷ್ಟು ದಿನವಾದರೂ ಹೊಟ್ಟೆಯ ಕೆಳಗೆ ಹಾಗೇ ಇತ್ತು, ಅದಕ್ಕೆ ಇಬ್ಬರ ರಕ್ತವನ್ನೂ ತೆಗೆದರು. ಪರೀಕ್ಷೆಯಲ್ಲಿ ಅಳೆಯೋದು ಆ ಗ್ರಂಥಿಯ ಒಂದು ಹಾರ್ಮೋನನ್ನು. ಅದು ಬಿಸಿಗೆ ಬೇಗ ಹಾಳಾಗುತ್ತದೆ, ಸ್ಯಾಂಪಲ್ ತಣ್ಣಗೆ ಇಡಬೇಕು. ಐಸ್ ಪೆಟ್ಟಿಗೆ ತಂದಿದ್ದರು. ಹೆಬ್ಬಾಳ ಫ್ಲೈಓವರ್ ಟ್ರಾಫಿಕ್ ಶುರುವಾಗುವ ಮುಂಚೆ ಲ್ಯಾಬ್ ಮುಟ್ಟಿಸಬೇಕು ಅಂತ ಟೀ ಕೂಡ ಕುಡಿಯದೆ ಹೊರಟರು. ಗೌರಿಯದು ಸರಿ ಇದೆ. ಚಿಕ್ಕುದು ಗಡಿಯಲ್ಲಿದೆ. ಮಳೆಗಾಲದ ಕೊನೆಗೆ ಆರೋಗ್ಯವಾಗಿರುವ ಕುದುರೆಯಲ್ಲೂ ಇದು ಸ್ವಲ್ಪ ಏರಬಹುದು, ಜನವರಿಯಲ್ಲಿ ಇನ್ನೊಂದು ಸಲ ಮಾಡೋಣ ಅಂದಿದ್ದಾರೆ.

ಈಗ ಒಂದು ಅಂಕ ಕಳೆದದ್ದಕ್ಕೆ ಕಾರಣ. ಏಳಕ್ಕೆ ಬರುತ್ತೇನೆ ಅಂದವರು ಬಂದಿದ್ದು ಹತ್ತೂವರೆಗೆ, ಮಧ್ಯೆ ಒಂದು ಫೋನ್ ಇಲ್ಲ. ಇಂಜೆಕ್ಷನ್ ಕೊಡಬೇಕು ಅಂತ ಇಬ್ಬರಿಗೂ ಬೆಳಗಿನ ಕಾಳು ಹಾಕಿರಲಿಲ್ಲ, ಚಿಕ್ಕು ಬಾಗಿಲು ಒದೆಯುತ್ತಲೇ ಇದ್ದ. ಇಬ್ಬರ ತಪಾಸಣೆಗೆ 9,000, ಹಲ್ಲಿಗೆ 4,000 ಅಂತ ಮೊದಲೇ ಹೇಳಿದ್ದರು, ಸರಿ. ಓಡಾಟದ 1,500 ಮಾತ್ರ ಬಿಲ್‌ನಲ್ಲೇ ಗೊತ್ತಾಗಿದ್ದು. ರಕ್ತದ ರಿಪೋರ್ಟ್ ಒಂಬತ್ತು ದಿನ ತಡ. ಇದೆಲ್ಲ ಸಹಿಸಬಹುದು. ನನಗೆ ನಿಜಕ್ಕೂ ಸರಿಯೆನಿಸದೆ ಇದ್ದದ್ದು, ಬರೆದುಕೊಟ್ಟ ನಾಲ್ಕು ಪುಟದ ಪಟ್ಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ದಿನಾ ಹುರುಳಿ ಬೇಯಿಸುವವರು, ಹೊಟ್ಟು ಹರಡುವವರು, ಕಾಲು ಮುಟ್ಟಿ ನೋಡುವವರು ಸೈಸ್ ಅಣ್ಣ. ಅವರಿಗೆ ಓದೋಕೆ ಬರುವುದು ಕನ್ನಡ. ಇಪ್ಪತ್ತು ನಿಮಿಷ ಅವರ ಜೊತೆ ಕೂತು ಮಾತಾಡಿದವರಿಗೆ ಇದು ಹೊಳೆಯಬೇಕಿತ್ತು.

ಹೇಳಿದ ಮೇಲೆ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಆವತ್ತೇ ರಾತ್ರಿ ವಾಟ್ಸಾಪ್‌ನಲ್ಲಿ ಆರು ನಿಮಿಷದ ಆಡಿಯೋ ಕಳಿಸಿದರು, ಎಲ್ಲಾ ಕನ್ನಡದಲ್ಲಿ, ಯಾವ ಕುದುರೆಗೆ ಏನು, ಎಷ್ಟು ಹೊತ್ತಿಗೆ ಅಂತ. ಅಣ್ಣ ಅದನ್ನು ಕೇಳಿಕೊಂಡು ಲಾಯದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ. ನೀವು ಕರೆಸುವುದಾದರೆ ಕನ್ನಡದಲ್ಲೇ ಬರೆದುಕೊಡಿ ಅಂತ ಮೊದಲೇ ಕೇಳಿಬಿಡಿ. ಓಡಾಟದ ದುಡ್ಡೂ ಕೇಳಿ. ಹಿಂದಿನ ದಿನ ಕುದುರೆಯ ಲದ್ದಿ, ಉಗುಳಿದ ಹುಲ್ಲು ಏನಿದ್ದರೂ ಗುಡಿಸದೆ ಹಾಗೇ ಬಿಡಿ, ಅವರು ಅದನ್ನು ನೋಡುತ್ತಾರೆ. ಕುದುರೆಯನ್ನು ದಿನಾ ನೋಡಿಕೊಳ್ಳುವವರಿಗೆ ಆವತ್ತು ಬೇರೆ ಕೆಲಸ ಹೇಳಬೇಡಿ, ಪಕ್ಕದಲ್ಲೇ ಇರಲಿ. ಜನವರಿಯಲ್ಲಿ ಚಿಕ್ಕು ರಿಪೋರ್ಟ್ ಬಂದ ಮೇಲೆ ಇಲ್ಲೇ ಸೇರಿಸುತ್ತೇನೆ.